ಬೇರೆ ಕಂಪನಿಯ ಮಷಿನ್

"ಸೌಂಡ್ ಸ್ವಲ್ಪ ಕಮ್ಮಿ ಮಾಡೇ," ಅಂದರು ಅಜ್ಜಿ.

ಕಡ್ಡಿ ತಲೆ ಎತ್ತಿ ನೋಡಿದಳು. ಅವಳ ಮುಂದೆ ಊಟದ ಮೇಜಿನ ಮೇಲೆ ಒಂದು ರಟ್ಟು ಇತ್ತು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಎರಡು ದೊಡ್ಡ ವೃತ್ತಗಳು, ಸುತ್ತ ಒಂದಷ್ಟು ಗುಂಡಿಗಳು, ಬದಿಯಲ್ಲಿ ಉದ್ದುದ್ದ ಗೆರೆಗಳು.

"ಅಜ್ಜಿ, ಇದು ರಟ್ಟು. ಇದರಲ್ಲಿ ಸೌಂಡೇ ಬರಲ್ಲ."

"ಮತ್ತೆ ಆಗಿನಿಂದ ಮೇಜು ಕುಟ್ತಾ ಇರೋದು ಯಾರು?"

ಅದು ನಿಜವೇ. ಕಡ್ಡಿ ಎದ್ದು ಹೋಗಿ ಒಂದು ಟವೆಲ್ ತಂದು ರಟ್ಟಿನ ಕೆಳಗೆ ಹಾಸಿದಳು. ಆಮೇಲೆ ಮತ್ತೆ ಗುಂಡಿ ಒತ್ತತೊಡಗಿದಳು. ಅಜ್ಜಿ ಟಿವಿ ಕಡೆ ತಿರುಗಿದರು. ಟಿವಿಯಲ್ಲಿ ಯಾರೋ ಕಸ ಗುಡಿಸುವ ಯಂತ್ರ ಮಾರುತ್ತಿದ್ದರು. ಅಜ್ಜಿಗೆ ಅದು ಬೇಕಿರಲಿಲ್ಲ. ಆದರೂ ಪೂರ್ತಿ ನೋಡಿದರು.

ಕಡ್ಡಿ ಅಂತ ಹೆಸರು ಬಂದದ್ದು ಅವಳು ಸಣ್ಣಗಿದ್ದಾಳೆ ಅಂತಲ್ಲ. ಅವಳು ಗುಂಡುಗುಂಡಗೇ ಇದ್ದಳು. ಏನೇ ಇದ್ದರೂ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದಳು, ಅದಕ್ಕೆ. ಒಂದು ಸಲ ಹೆಡ್‌ಮಾಸ್ಟರು "ನನ್ನ ಭಾಷಣ ಹೇಗಿತ್ತು ಮಕ್ಕಳೇ?" ಅಂತ ಕೇಳಿದ್ದರು. ಎಲ್ಲರೂ "ಚೆನ್ನಾಗಿತ್ತು ಸಾರ್" ಅಂದರು. ಇವಳು "ಉದ್ದ ಇತ್ತು ಸಾರ್" ಅಂದಳು. ಅವತ್ತಿನಿಂದ ಹೆಡ್‌ಮಾಸ್ಟರು ಆ ಕ್ಲಾಸಿನಲ್ಲಿ ಮಾತ್ರ ಆ ಪ್ರಶ್ನೆ ಕೇಳುವುದಿಲ್ಲ.

ರಟ್ಟಿನ ಕತೆ ಶುರುವಾದದ್ದು ಚಿಕ್ಕಮ್ಮನಿಂದ. ಅಮ್ಮನ ತಂಗಿ, ಇವರ ಜೊತೆಯಲ್ಲೇ ಇರುವವಳು. ಅವಳು ಡಿಜೆ. ಜನ ಪಾರ್ಟಿ ಮಾಡುವ ಕಡೆ ಹೋಗಿ ಹಾಡು ಹಾಕುತ್ತಾಳೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಮೆಲ್ಲಗೆ ಸೇರಿಸುತ್ತಾಳೆ. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಅಂತ ಕುಣಿಯುವವರಿಗೆ ಗೊತ್ತೇ ಆಗಬಾರದು. ಯಾರಾದರೂ ಕೇಳಿದರೆ ಅಜ್ಜಿ, "ನಮ್ಮ ಚಿಕ್ಕವಳು ಕರೆಂಟ್ ಕೆಲಸ ಮಾಡ್ತಾಳೆ" ಅನ್ನುತ್ತಿದ್ದರು.

ಚಿಕ್ಕಮ್ಮನ ಹತ್ತಿರ ಒಂದು ಹಳೇ ನೀಲಿ ಮಷಿನ್ ಇತ್ತು. ಕಡ್ಡಿ ಅದರಲ್ಲೇ ಕಲಿತಳು. ಎರಡು ತಟ್ಟೆ, ಎರಡು ಹಾಡು. ಬಲಗಡೆ ಪ್ಲೇ ಗುಂಡಿ. ಬದಿಯ ಪಟ್ಟಿಯನ್ನು ಮೇಲಕ್ಕೆ ತಳ್ಳಿದರೆ ಹಾಡಿನ ಸ್ಪೀಡು ಜಾಸ್ತಿ, ಕೆಳಕ್ಕೆ ಎಳೆದರೆ ಕಮ್ಮಿ. ಎರಡು ಹಾಡುಗಳೂ ಒಂದೇ ಸ್ಪೀಡಿನಲ್ಲಿ ಹೆಜ್ಜೆ ಹಾಕಬೇಕು. ಇಲ್ಲದಿದ್ದರೆ ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿದ ಹಾಗೆ ಕೇಳಿಸುತ್ತದೆ. ಶುರುವಿನಲ್ಲಿ ಕಡ್ಡಿ ಬಹಳ ಪಾತ್ರೆ ಉರುಳಿಸಿದಳು. ಈಗ ಉರುಳುತ್ತಿರಲಿಲ್ಲ.

ಸ್ಕೂಲ್ ಡೇ ಹತ್ತಿರ ಬಂದಿತ್ತು. ಇವಳ ಕ್ಲಾಸಿನದು ಸಮುದ್ರದ ಡ್ಯಾನ್ಸ್. ಮೊದಲನೇ ಹಾಡಿನಲ್ಲಿ ಸಮುದ್ರ ತಣ್ಣಗಿರುತ್ತದೆ. ಎರಡನೇ ಹಾಡಿನಲ್ಲಿ ಬಿರುಗಾಳಿ. ಮಕ್ಕಳು ನೀಲಿ ಬೆಡ್‌ಶೀಟ್ ಹಿಡಿದು ಅಲೆ ಮಾಡಬೇಕು. ಮಧ್ಯದಲ್ಲಿ ಹಾಡು ನಿಲ್ಲುವ ಹಾಗಿಲ್ಲ, ಯಾಕೆಂದರೆ ಸಮುದ್ರ ನಿಲ್ಲುವುದಿಲ್ಲ. ಇದು ಡ್ಯಾನ್ಸ್ ಮಿಸ್ ಹೇಳಿದ್ದು.

"ನೀವಿಬ್ಬರೂ ಡ್ಯಾನ್ಸ್ ಮಾಡಲ್ಲ. ಸುಮ್ಮನೆ ಕೂರಿಸಿದ್ರೆ ಗಲಾಟೆ ಮಾಡ್ತೀರ. ನೀವು ಹಾಡು ಹಾಕಿ," ಅಂದರು ಮಿಸ್. "ಮೊದಲನೇದು ಅವನು, ಎರಡನೇದು ನೀನು. ಕೈಲಾಗಲ್ಲ ಅಂದ್ರೆ ಈಗಲೇ ಹೇಳಿ. ನನ್ನ ಫೋನಲ್ಲಿ ಹಾಕ್ತೀನಿ."

ಕೈಲಾಗಲ್ಲ ಅಂತ ಇಬ್ಬರೂ ಹೇಳಲಿಲ್ಲ.

'ಅವನು' ಅಂದರೆ ಸ್ಪೀಕರ್. ಅವನು ಗುಟ್ಟು ಹೇಳಿದರೂ ಪಕ್ಕದ ಕ್ಲಾಸಿಗೆ ಕೇಳಿಸುತ್ತಿತ್ತು. ಹುಟ್ಟುಹಬ್ಬಕ್ಕೆ ಅವನಪ್ಪ ಅವನಿಗೆ ಡಿಜೆ ಮಷಿನ್ ಕೊಡಿಸಿದ್ದರು. ಅದೂ ಅಂತಿಂಥದ್ದಲ್ಲ.

"ನಮ್ಮನೇದು ದೊಡ್ಡ ಕಂಪನಿದು," ಅಂದ ಸ್ಪೀಕರ್. "ಎಲ್ಲಾ ಕ್ಲಬ್ಬಲ್ಲೂ, ಎಲ್ಲಾ ಪಾರ್ಟಿ ಹಾಲಲ್ಲೂ ಅದೇ ಇರೋದು. ಇಂಡಸ್ಟ್ರಿ ಸ್ಟ್ಯಾಂಡರ್ಡ್. ನಿಮ್ಮದು ಯಾವ ಕಂಪನಿ?"

ಕಡ್ಡಿ ಹೆಸರು ಹೇಳಿದಳು.

"ಟೂತ್‌ಪೇಸ್ಟ್ ಕಂಪನಿ ಥರ ಇದೆಯಲ್ಲೇ!"

ಇಡೀ ಕ್ಲಾಸು ನಕ್ಕಿತು. ಪಕ್ಕದ ಕ್ಲಾಸಿನಲ್ಲೂ ಯಾರೋ ನಕ್ಕರು.

"ಅದು ಆಟದ ಸಾಮಾನು ಕಣೇ. ನಿಜವಾದ ಡಿಜೆಗಳು ಅದನ್ನ ಮುಟ್ಟಲ್ಲ."

"ನಮ್ಮ ಚಿಕ್ಕಮ್ಮ ನಿಜವಾದ ಡಿಜೆ," ಅಂದಳು ಕಡ್ಡಿ. "ನೀನು ಹುಟ್ಟುಹಬ್ಬದ ಡಿಜೆ."

ಆಗಲೂ ಕ್ಲಾಸು ನಕ್ಕಿತು. ಆದರೆ ಸ್ವಲ್ಪ ಕಮ್ಮಿ.

ಸ್ಕೂಲ್ ಡೇಗೆ ಸ್ಪೀಕರ್ ತನ್ನ ಮಷಿನ್ ತರುವುದು ಅಂತಾಯಿತು. ಮುಂಚೆ ಒಂದು ಸಲ ಮುಟ್ಟಿ ನೋಡುತ್ತೇನೆ ಅಂದರೆ ಅವನು ಒಪ್ಪಲಿಲ್ಲ. "ಸೆಟ್ಟಿಂಗ್ ಹಾಳಾಗುತ್ತೆ. ಅವತ್ತೇ ಮುಟ್ಟು, ಸಾಕು" ಅಂದ. ಕೊನೆಗೆ ಮಷಿನ್ ಡಬ್ಬದ ಮೇಲಿನ ಚಿತ್ರವನ್ನು ಮಾತ್ರ ತೋರಿಸಿದ. ಅದನ್ನೇ ನೋಡಿಕೊಂಡು ಕಡ್ಡಿ ರಟ್ಟಿನ ಮೇಲೆ ಬರೆದದ್ದು.

ಚಿತ್ರದ ಪ್ರಕಾರ ಪ್ಲೇ ಗುಂಡಿ ಎಡಗಡೆ ಕೆಳಗಿತ್ತು. ನೀಲಿ ಮಷಿನ್‌ನಲ್ಲಿ ಇದ್ದದ್ದಕ್ಕೆ ಸರಿಯಾಗಿ ಉಲ್ಟಾ.

ಸಂಜೆ ಚಿಕ್ಕಮ್ಮ ಬಂದಾಗ ಕಡ್ಡಿ ರಟ್ಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

"ಚಿಕ್ಕಮ್ಮ, ನಾವೂ ದೊಡ್ಡ ಕಂಪನಿ ಮಷಿನ್ ತಗೊಳ್ಳೋಣ."

"ಯಾಕೆ?"

"ಎಲ್ಲಾ ಹಾಲಲ್ಲೂ ಅದೇ ಇರುತ್ತಂತೆ."

"ಇರುತ್ತೆ. ಹಾಲಲ್ಲಿ ಇರೋದು ಮನೇಲೂ ಯಾಕೆ? ದಿನಾ ಬಸ್ಸಲ್ಲಿ ಹೋಗ್ತೀವಿ ಅಂತ ಮನೇಲೊಂದು ಬಸ್ ಇಟ್ಕೊಳ್ತೀವಾ?"

ಕಡ್ಡಿ ರಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಮ್ಮದು ಆಟದ ಸಾಮಾನಂತೆ," ಅಂದಳು ಕೊನೆಗೆ.

ಚಿಕ್ಕಮ್ಮ ಚಪ್ಪಲಿ ಬಿಟ್ಟು ಮೂಲೆಗೆ ಸರಿಸಿದಳು. "ಭಾನುವಾರ ನಂಗೆ ಒಂದು ಪಾರ್ಟಿ ಇದೆ. ಮಧ್ಯಾಹ್ನದ್ದು. ಆ ಹಾಲಲ್ಲಿ ದೊಡ್ಡ ಕಂಪನಿದೇ ಇರೋದು. ಬಾ, ಮುಟ್ಟಿ ನೋಡುವಂತೆ."

ಭಾನುವಾರದ ಪಾರ್ಟಿ ಫೈರ್ ಇಂಜಿನ್ ಆಫೀಸಿನ ಸಾಹೇಬರೊಬ್ಬರದು. ಅವರು ಕೆಲಸದಿಂದ ರಿಟೈರ್ ಆಗುತ್ತಿದ್ದರು. ಬೆಂಕಿ ಆರಿಸುವವರೆಲ್ಲ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದರು. ಯಾವ ಮೂಲೆಯಲ್ಲಿ ನಿಂತರೆ ಬಾಗಿಲು ಹತ್ತಿರ ಅಂತ ನೋಡಿಕೊಂಡೇ ನಿಂತಿದ್ದರು.

ಜನ ಸೇರುವ ಮೊದಲು ಕಡ್ಡಿ ಮಷಿನ್ ಮುಟ್ಟಿದಳು. ಕಪ್ಪಗೆ, ಅಗಲವಾಗಿ, ತಣ್ಣಗಿತ್ತು. ಗುಂಡಿಗಳೆಲ್ಲ ರಟ್ಟಿನಲ್ಲಿ ಬರೆದ ಜಾಗದಲ್ಲೇ ಇದ್ದವು. ಆದರೆ ಬದಿಯ ಪಟ್ಟಿಯನ್ನು ಮೇಲಕ್ಕೆ ತಳ್ಳಿದರೆ ಹಾಡು ನಿಧಾನವಾಯಿತು. ಕೆಳಕ್ಕೆ ಎಳೆದರೆ ಸ್ಪೀಡಾಯಿತು.

"ಇದು ಉಲ್ಟಾ!" ಅಂದಳು ಕಡ್ಡಿ.

"ನಮ್ಮದೇ ಉಲ್ಟಾ ಅಂತಾರೆ ಈ ಕಂಪನಿಯವರು," ಅಂದಳು ಚಿಕ್ಕಮ್ಮ.

ರಟ್ಟು ಇದನ್ನು ಹೇಳಿಯೇ ಇರಲಿಲ್ಲ. ಹೇಳುವುದಾದರೂ ಹೇಗೆ? ಗೆರೆಯನ್ನು ಎತ್ತ ತಳ್ಳಿದರೂ ಗೆರೆ ಅಲ್ಲೇ ಇರುತ್ತದೆ.

ಕೇಕ್ ಕತ್ತರಿಸಿದ್ದಾಯಿತು. ಸಾಹೇಬರು ಕುಣಿಯಲು ಶುರು ಮಾಡಿದರು. ಅವರು ದಪ್ಪಗಿದ್ದರು. ಕುಣಿದದ್ದು ಮಾತ್ರ ಹಗುರವಾಗಿ. ಅವರ ಹಿಂದೆ ಉಳಿದವರೂ ಇಳಿದರು. ಚಿಕ್ಕಮ್ಮ ಒಂದು ಹಾಡಿನೊಳಗೆ ಇನ್ನೊಂದನ್ನು ಇಳಿಸಿದಳು, ಅದರೊಳಗೆ ಮತ್ತೊಂದನ್ನು ಇಳಿಸಿದಳು. ಕಡ್ಡಿ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ಚಿಕ್ಕಮ್ಮನ ಬೆರಳನ್ನೇ ನೋಡುತ್ತಿದ್ದಳು.

ಅದಕ್ಕೇ ತಪ್ಪು ಆದದ್ದು ಅವಳಿಗೆ ಎಲ್ಲರಿಗಿಂತ ಮೊದಲು ಕಾಣಿಸಿತು. ಚಿಕ್ಕಮ್ಮನ ಬೆರಳು ಹೋಗಬೇಕಾದ ಗುಂಡಿಯ ಪಕ್ಕದ ಗುಂಡಿಗೆ ಹೋಯಿತು.

ಹಾಡು ಟಕ್ಕನೆ ನಿಂತಿತು.

ಹಾಲ್ ಪೂರ್ತಿ ಗಪ್‌ಚಿಪ್. ಎತ್ತಿದ ಕೈಗಳು ಎತ್ತಿದಲ್ಲೇ ಇದ್ದವು. ಅಭ್ಯಾಸಬಲವೋ ಏನೋ, ಬೆಂಕಿ ಆರಿಸುವವರೆಲ್ಲ ಒಟ್ಟಿಗೇ ಬಾಗಿಲ ಕಡೆ ತಿರುಗಿದರು. ಇಬ್ಬರು ಆಗಲೇ ಮೆಟ್ಟಿಲು ಇಳಿದಿದ್ದರು.

ಚಿಕ್ಕಮ್ಮನ ಕಿವಿ ಕೆಂಪಾಯಿತು. ಅವಳು ಮಷಿನ್ ನೋಡುತ್ತಾಳೆ ಅಂತ ಕಡ್ಡಿ ಅಂದುಕೊಂಡಳು. ಚಿಕ್ಕಮ್ಮ ನೆಲ ನೋಡಿದಳು. ಕಡ್ಡಿಯೂ ನೋಡಿದಳು. ಅಷ್ಟೂ ಜನರ ಕಾಲು ನಿಂತಿದ್ದವು. ಸಾಹೇಬರ ಬಲಗಾಲು ಮಾತ್ರ ಇನ್ನೂ ತಾಳ ಹಾಕುತ್ತಿತ್ತು. ಹಾಡು ನಿಂತದ್ದು ಅದಕ್ಕೆ ತಿಳಿದ ಹಾಗಿರಲಿಲ್ಲ. ಆ ಕಾಲು ಕೆಳಗೆ ಬಡಿಯುವ ಗಳಿಗೆಗೆ ಸರಿಯಾಗಿ ಚಿಕ್ಕಮ್ಮ ಮುಂದಿನ ಹಾಡು ಬಿಟ್ಟಳು.

"ಓಹೋ!" ಅಂದರು ಎಲ್ಲರೂ. ಬೇಕಂತಲೇ ನಿಲ್ಲಿಸಿದ್ದು ಅಂದುಕೊಂಡರು. ಮೆಟ್ಟಿಲು ಇಳಿದಿದ್ದ ಇಬ್ಬರೂ ವಾಪಸ್ ಬಂದರು. "ನಿಲ್ಲಿಸಿದ್ದು ಒಳ್ಳೇದಾಯ್ತಮ್ಮ, ಉಸಿರು ಬಂತು," ಅಂದರು ಸಾಹೇಬರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಡ್ಡಿ ಸುಮಾರು ಹೊತ್ತು ತಡೆದುಕೊಂಡಳು. ಆಮೇಲೆ ತಡೆಯಲಾಗಲಿಲ್ಲ.

"ನೀನು ತಪ್ಪು ಗುಂಡಿ ಒತ್ತಿದೆ."

"ಹೂಂ."

"ನಿಂಗೆ ಆ ಮಷಿನ್ ಗೊತ್ತಲ್ವಾ?"

"ಗೊತ್ತು. ಬೆರಳು ಮಾತ್ರ ಮನೇಲೇ ಇತ್ತು."

ಕಡ್ಡಿ ಅದನ್ನು ಯೋಚಿಸಿದಳು. "ಎಲ್ಲಾ ಮಷಿನ್‌ಗೂ ಬೇರೆ ಬೇರೆ ಬೆರಳು ಬೇಕಾ?"

"ಅಷ್ಟು ಬೆರಳು ಎಲ್ಲಿಂದ ತರಲಿ?" ಅಂದಳು ಚಿಕ್ಕಮ್ಮ. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮನೆ ಬರುವ ತನಕ ನಿದ್ದೆ ಮಾಡಿದಳು.

ಮಾರನೇ ದಿನ ಸ್ಕೂಲಿನಿಂದ ಬಂದವಳೇ ಕಡ್ಡಿ ನೀಲಿ ಮಷಿನ್ನನ್ನು ತಿರುಗಿಸಿ ಇಟ್ಟಳು. ಮುಂದಿನದು ಹಿಂದೆ, ಹಿಂದಿನದು ಮುಂದೆ. ಈಗ ಪ್ಲೇ ಗುಂಡಿ ಎಡಕ್ಕೆ ಬಂತು. ಪಟ್ಟಿಯೂ ಉಲ್ಟಾ ಆಯಿತು. ಹಾಗೇ ಕೂತು ಹಾಡು ಸೇರಿಸಲು ನೋಡಿದಳು. ಮತ್ತೆ ಮೆಟ್ಟಿಲ ಮೇಲಿಂದ ಪಾತ್ರೆಗಳು ಉರುಳಿದವು. ಈ ಸಲ ಪಾತ್ರೆ ಅಂಗಡಿಯೇ ಉರುಳಿತು ಅನ್ನಬಹುದು.

"ಏನೇ ಇದು, ತಲೆಕೆಳಗು ಇಟ್ಕೊಂಡಿದೀಯ?" ಅಂದರು ಅಜ್ಜಿ.

"ಬೆರಳಿಗೆ ಅಡ್ರೆಸ್ ಮರೀಲಿ ಅಂತ."

ಅಜ್ಜಿ ಟಿವಿ ಸೌಂಡ್ ಜಾಸ್ತಿ ಮಾಡಿದರು.

ಕೆಲವು ದಿನ ಹಾಗೇ ನಡೆಯಿತು. ಒಂದು ದಿನ ಉಲ್ಟಾ, ಒಂದು ದಿನ ಸೀದಾ. ಯಾವ ದಿನ ಹೇಗಿಡಬೇಕು ಅನ್ನುವುದು ಕಡ್ಡಿಗೇ ಮರೆತುಹೋಗತೊಡಗಿತು. ಆಗ ಅವಳು ಗುಂಡಿ ಹುಡುಕುವುದು ಬಿಟ್ಟು ಮೊದಲು ಹಾಡು ಕೇಳಿಸಿಕೊಳ್ಳುತ್ತಿದ್ದಳು. ಹಾಡು ಮಾತ್ರ ಎತ್ತ ತಿರುಗಿಸಿದರೂ ಒಂದೇ ಥರ ಇರುತ್ತಿತ್ತು.

ಸ್ಕೂಲ್ ಡೇ ಬಂತು.

ಸ್ಪೀಕರ್ ಮಷಿನ್ ತಂದಿದ್ದ. ಮಷಿನ್ ತಂದಿದ್ದ, ಅದರ ಡಬ್ಬ ತಂದಿದ್ದ, ಡಬ್ಬಕ್ಕೊಂದು ಬ್ಯಾಗು ತಂದಿದ್ದ, ಧೂಳು ಕೂರದ ಹಾಗೆ ಮುಚ್ಚುವ ಒಂದು ಬಟ್ಟೆಯನ್ನೂ ತಂದಿದ್ದ. ಕರೆಂಟಿಗೆ ಹಾಕುವ ಅಡಾಪ್ಟರ್ ತಂದಿರಲಿಲ್ಲ.

ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದರು. ಒಂದು ಬಿಸ್ಕತ್ತು ಬಿತ್ತು.

ಅಪ್ಪನಿಗೆ ಫೋನ್ ಮಾಡಿಸಿದ್ದಾಯಿತು. ಅವರು ಆಗಲೇ ಆಫೀಸಿನಿಂದ ಹೊರಟು ದಾರಿಯಲ್ಲಿದ್ದರು. ಮನೆಗೆ ಹೋಗಿ ಅದನ್ನು ತರುವಷ್ಟರಲ್ಲಿ ಸಮುದ್ರದ ಡ್ಯಾನ್ಸ್ ಮುಗಿದುಹೋಗಿರುತ್ತಿತ್ತು.

"ಬೇರೆ ಯಾವ್ದಾದ್ರೂ ವೈರ್ ಹಾಕಿದ್ರೆ ಆಗಲ್ವಾ?" ಅಂತ ಕೇಳಿದರು ಡ್ಯಾನ್ಸ್ ಮಿಸ್.

"ಆಗಲ್ಲ ಮಿಸ್. ಅದೇ ಕಂಪನಿದು ಬೇಕು," ಅಂದ ಸ್ಪೀಕರ್.

ಅವನ ದನಿ ಎಷ್ಟು ಸಣ್ಣಗಾಗಿತ್ತು ಅಂದರೆ ಮಿಸ್ ಇನ್ನೊಂದು ಸಲ ಕೇಳಬೇಕಾಯಿತು. ಅವನ ಬಾಯಿಂದ ಬಂದದ್ದು ಯಾರಿಗಾದರೂ ಕೇಳಿಸದೇ ಇದ್ದದ್ದು ಅದೇ ಮೊದಲು.

ಮಿಸ್ ಕೈಚೀಲದಿಂದ ಫೋನ್ ತೆಗೆದರು. "ಬಿಡಿ. ಒಂದು ಹಾಡು ಹಾಕ್ತೀನಿ, ನಿಲ್ಲಿಸ್ತೀನಿ, ಇನ್ನೊಂದು ಹಾಕ್ತೀನಿ. ಮಧ್ಯದಲ್ಲಿ ಎಲ್ಲರೂ ಹಾಗೇ ಅಲ್ಲಾಡದೆ ನಿಂತ್ಕೊಳ್ಲಿ."

"ಸಮುದ್ರ ನಿಲ್ಲಲ್ಲ ಅಂದಿದ್ರಿ ಮಿಸ್," ಅಂದಳು ಕಡ್ಡಿ.

ಮಿಸ್ ಅವಳನ್ನು ನೋಡಿದರು. ಪಕ್ಕದಲ್ಲಿ ಸೌಂಡ್ ಬಾಕ್ಸ್‌ಗಳ ಮೇಲೆ ಕಾಲು ಇಟ್ಟುಕೊಂಡು ಕೂತಿದ್ದ ಸೌಂಡ್ ಆಂಟಿಯೂ ನೋಡಿದರು. ಮೈಕು, ಸೌಂಡ್ ಬಾಕ್ಸ್ ಎಲ್ಲ ಬಾಡಿಗೆಗೆ ತಂದಿದ್ದವರು ಅವರು. ಬೆಳಗ್ಗೆಯಿಂದ ಆರು ಭಾಷಣ ಕೇಳಿದ್ದರು. ಮುಖದಲ್ಲಿ ಅದು ಗೊತ್ತಾಗುತ್ತಿತ್ತು.

"ವ್ಯಾನಲ್ಲಿ ನಂದೊಂದು ಮಷಿನ್ ಇದೆ," ಅಂದರು ಆಂಟಿ. "ಹಳೇದು. ಕೆಲಸ ಮಾಡುತ್ತೆ. ಮಾಡಲ್ಲ ಅಂದಾಗ ಒಂದು ಏಟು ಹಾಕ್ಬೇಕು."

ಬಂದ ಮಷಿನ್ ನೀಲಿಯೂ ಇರಲಿಲ್ಲ, ಕಪ್ಪೂ ಇರಲಿಲ್ಲ. ಬೂದಿ ಬಣ್ಣ. ಒಂದು ಮೂಲೆ ಒಡೆದಿತ್ತು. ಒಂದು ಗುಂಡಿಗೆ ಟೇಪ್ ಸುತ್ತಿತ್ತು. ಪ್ಲೇ ಗುಂಡಿ ಬಲಕ್ಕೂ ಇರಲಿಲ್ಲ, ಎಡಕ್ಕೂ ಇರಲಿಲ್ಲ. ತಟ್ಟೆಯ ಮೇಲುಗಡೆ, ಮಧ್ಯದಲ್ಲಿ, ಯಾರಿಗೂ ಸಿಗಬಾರದು ಅನ್ನುವ ಹಾಗಿತ್ತು.

ಸ್ಪೀಕರ್ ತನ್ನ ಪೆನ್‌ಡ್ರೈವ್ ಹಾಕಿದ. ಇಬ್ಬರ ಹಾಡೂ ಅದರಲ್ಲೇ ಇದ್ದವು. ಮಷಿನ್ನಿನ ಪುಟ್ಟ ಸ್ಕ್ರೀನಿನ ಮೇಲೆ ಹಾಡುಗಳ ಹೆಸರು ಬಂತು. ಅಷ್ಟೇ.

"ಸಿಂಕ್ ಎಲ್ಲಿ ಆಂಟಿ?" ಅಂತ ಕೇಳಿದ.

ಸಿಂಕ್ ಅಂದರೆ ಅವನ ಮಷಿನ್‌ನಲ್ಲಿದ್ದ ಒಂದು ಗುಂಡಿ. ಅದನ್ನು ಒತ್ತಿದರೆ ಎರಡು ಹಾಡುಗಳೂ ತಾವಾಗಿಯೇ ಒಂದೇ ಸ್ಪೀಡಿಗೆ ಬರುತ್ತವೆ.

"ಇಲ್ಲಪ್ಪ," ಅಂದರು ಆಂಟಿ. "ಕಿವಿ ಇದೆಯಲ್ಲ." ಮತ್ತೆ ಹೋಗಿ ಬಾಕ್ಸ್ ಮೇಲೆ ಕಾಲು ಇಟ್ಟುಕೊಂಡು ಕೂತರು.

ಪರದೆಯ ಆಚೆ ನಾಲ್ಕನೇ ಕ್ಲಾಸಿನ ನಾಟಕ ನಡೆಯುತ್ತಿತ್ತು. ಈಚೆ ಬೆಡ್‌ಶೀಟ್ ಹಿಡಿದ ಮಕ್ಕಳು ಸಾಲಾಗಿ ನಿಂತಿದ್ದರು. ಎಲ್ಲರೂ ಇವರಿಬ್ಬರನ್ನೇ ನೋಡುತ್ತಿದ್ದರು.

"ಇದು ಸರಿಯಿಲ್ಲ," ಅಂದ ಸ್ಪೀಕರ್, ಅದೇ ಸಣ್ಣ ದನಿಯಲ್ಲಿ. "ಇದು ಆಟದ ಸಾಮಾನು."

ಈ ಮಾತಿಗೆ ಕಡ್ಡಿಯ ಹತ್ತಿರ ಉತ್ತರ ಇತ್ತು. ಒಂದಲ್ಲ, ಬೇಕಾದಷ್ಟಿತ್ತು. ಅವನು ಟೂತ್‌ಪೇಸ್ಟ್ ಅಂದ ದಿನದಿಂದ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಲೆಕ್ಕ ಮಾಡುವಾಗ ಅವಳು ಯೋಚಿಸಿ ಇಟ್ಟುಕೊಂಡವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಬಾಯಿ ತೆರೆದಳು.

ಆಗ ಅವನ ಕೈ ಕಾಣಿಸಿತು. ಬೆರಳು ಇಲ್ಲದ ಸಿಂಕ್ ಗುಂಡಿಯನ್ನು ಇನ್ನೂ ಹುಡುಕುತ್ತಿತ್ತು. ಅವನ ಕಿವಿ ಕೆಂಪಾಗಿತ್ತು. ಅವತ್ತು ಹಾಲಿನಲ್ಲಿ ಚಿಕ್ಕಮ್ಮನದೂ ಹೀಗೇ ಆಗಿತ್ತು.

ಕಡ್ಡಿ ಬಾಯಿ ಮುಚ್ಚಿದಳು. ಆಮೇಲೆ ಬೇರೆಯದೇ ಮಾತು ಆಡಿದಳು. "ಹೆಡ್‌ಫೋನ್ ತಂದಿದೀಯಲ್ಲ, ಕೊಡು. ಒಂದು ಕಿವಿ ನೀನಿಟ್ಕೋ, ಒಂದು ನಾನಿಟ್ಕೋತೀನಿ."

"ಯಾಕೆ?"

"ನಂಗೂ ಈ ಮಷಿನ್ ಗೊತ್ತಿಲ್ಲ ಕಣೋ."

ಸ್ಪೀಕರ್ ಅವಳ ಮುಖ ನೋಡಿದ. ಅವಳು ಸುಳ್ಳು ಹೇಳುವುದಿಲ್ಲ ಅನ್ನುವುದು ಇಡೀ ಸ್ಕೂಲಿಗೇ ಗೊತ್ತಿತ್ತು. ಯಾಕೋ ಅವನಿಗೆ ಅದರಿಂದ ಸ್ವಲ್ಪ ಧೈರ್ಯ ಬಂತು. ಹೆಡ್‌ಫೋನನ್ನು ಅಗಲ ಮಾಡಿ ಒಂದು ಕಡೆ ಅವಳಿಗೆ ಕೊಟ್ಟ. ಇಬ್ಬರ ತಲೆಗಳೂ ಅಂಟಿಕೊಂಡವು.

ನಾಟಕ ಮುಗಿಯಿತು. ಚಪ್ಪಾಳೆ ಬಿತ್ತು. ಪರದೆ ಮತ್ತೆ ತೆರೆಯಿತು. ಸ್ಪೀಕರ್ ಪ್ಲೇ ಒತ್ತಿದ. ಏನೂ ಆಗಲಿಲ್ಲ.

"ಏಟು," ಅಂದರು ಆಂಟಿ, ಕೂತಲ್ಲಿಂದಲೇ.

ಕಡ್ಡಿ ಮಷಿನ್‌ಗೆ ಒಂದು ಏಟು ಹಾಕಿದಳು. ಸಮುದ್ರ ಶುರುವಾಯಿತು.

ಮೊದಲನೇ ಹಾಡು ತಣ್ಣಗೆ ಸಾಗಿತು. ಬೆಡ್‌ಶೀಟುಗಳು ಮೇಲೆ ಹೋದವು, ಕೆಳಗೆ ಬಂದವು. ಕಡ್ಡಿ ಎರಡನೇ ಹಾಡನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳುವ ಹಾಗೆ ಹಾಕಿದಳು. ಬಿರುಗಾಳಿ ಬಹಳ ಅವಸರದಲ್ಲಿತ್ತು. ಅದನ್ನು ನಿಧಾನ ಮಾಡಬೇಕು. ಪಟ್ಟಿಯನ್ನು ಕೆಳಕ್ಕೆ ಎಳೆದಳು.

ಬಿರುಗಾಳಿ ಇನ್ನೂ ಜೋರಾಗಿ ಓಡತೊಡಗಿತು.

"ಉಲ್ಟಾ, ಉಲ್ಟಾ!" ಅಂದ ಸ್ಪೀಕರ್. "ನಮ್ಮನೇದರ ಥರಾನೇ ಇದೆ. ಮೇಲಕ್ಕೆ ತಳ್ಳು!"

ಕಡ್ಡಿ ಮೇಲಕ್ಕೆ ತಳ್ಳಿದಳು. ಪಟ್ಟಿ ಅರ್ಧಕ್ಕೆ ಬಂದು ಅಲ್ಲೇ ಕಚ್ಚಿಕೊಂಡಿತು. ಇನ್ನೊಂದು ಸಲ ತಳ್ಳಿದಾಗ ಜರ್ರನೆ ಹೋಯಿತು. ಸ್ವಲ್ಪ ಹೆಚ್ಚೇ ಹೋಯಿತು. ಎರಡು ಹಾಡುಗಳೂ ಒಂದನ್ನೊಂದು ತುಳಿದುಕೊಂಡು ನಡೆಯುತ್ತಿದ್ದವು. ಮೊದಲನೇ ಹಾಡಿನ ಕೊನೆಯ ಸಾಲು ಬರುವುದರಲ್ಲಿತ್ತು.

ಅವಳು ಮಷಿನ್ ನೋಡುವುದು ಬಿಟ್ಟಳು. ಪರದೆಯ ಸಂದಿಯಿಂದ ಸ್ಟೇಜ್ ಕಾಣುತ್ತಿತ್ತು. ಮುಂದಿನ ಸಾಲಿನವರ ಕಾಲುಗಳು ಎಡ, ಬಲ, ಎಡ, ಬಲ. ಒಂದು ಕಿವಿಯಲ್ಲಿ ಬಿರುಗಾಳಿ. ಕಣ್ಣ ಮುಂದೆ ಆ ಕಾಲುಗಳು. ಬೆರಳನ್ನು ಅದರ ಪಾಡಿಗೆ ಬಿಟ್ಟಳು. ಒಂದು ಕೂದಲೆಳೆಯಷ್ಟು ಕೆಳಗೆ. ಇನ್ನೊಂದು ಕೂದಲೆಳೆ.

"ಎಣಿಸು," ಅಂದಳು ಸ್ಪೀಕರ್‌ಗೆ.

"ಒಂದು, ಎರಡು, ಮೂರು, ನಾಲ್ಕು," ಅಂದ ಅವನು. "ಒಂದು, ಎರಡು..." ಅವನ ದನಿ ದೊಡ್ಡದಾಗುತ್ತಾ ಬಂತು. ಅವನ ಎಣಿಕೆ ಎರಡು ಹಾಡಿಗೂ ಸರಿಯಾಗಿತ್ತು. ಅಂದರೆ ಎರಡು ಹಾಡುಗಳೂ ಒಂದಕ್ಕೊಂದು ಸರಿಯಾಗಿದ್ದವು.

"...ಮೂರು, ನಾಲ್ಕು, ಈಗ!"

ಅವನು ತನ್ನ ಹಾಡಿನ ಸೌಂಡ್ ಇಳಿಸಿದ. ಅವಳು ತನ್ನದನ್ನು ಏರಿಸಿದಳು. ಬಿರುಗಾಳಿ ಬಂತು.

ಪೂರ್ತಿ ಸರಿಯಾಗಿ ಬಂತು ಅಂತ ಹೇಳಲಾಗುವುದಿಲ್ಲ. ಸ್ವಲ್ಪ ಮುಂಚೆಯೇ ಬಂತು. ಹಿಂದಿನ ಸಾಲಿನವರು ಒಂದು ಹೆಜ್ಜೆ ಹೆಚ್ಚಾಗಿ ಕುಪ್ಪಳಿಸಿದರು. ಬಿರುಗಾಳಿಯಲ್ಲವೇ, ನೋಡುವವರಿಗೆ ಅದೂ ಡ್ಯಾನ್ಸಿನಲ್ಲಿದೆ ಅನ್ನಿಸಿತು. ಗೊತ್ತಾದದ್ದು ಹಿಂದಿನ ಸಾಲಿನ ಉದ್ದದ ಹುಡುಗಿ ಒಬ್ಬಳಿಗೇ. ಅವಳು ಆಮೇಲೆ ಎಲ್ಲರಿಗೂ ಹೇಳಿದಳು.

ಬೆಡ್‌ಶೀಟುಗಳು ಗಾಳಿಯಲ್ಲಿ ಎದ್ದವು, ಬಿದ್ದವು. ಸ್ಪೀಕರ್ ಇನ್ನೂ ಎಣಿಸುತ್ತಲೇ ಇದ್ದ.

"ಸಾಕು ಕಣೋ," ಅಂದಳು ಕಡ್ಡಿ. "ಮೊದಲನೇ ಬೆಂಚಿಗೆ ಕೇಳಿಸ್ತಿದೆ."

ಡ್ಯಾನ್ಸ್ ಮುಗಿದ ಮೇಲೆ ಮಿಸ್ ಬಂದರು. "ಚೆನ್ನಾಗಿತ್ತು. ಸೌಂಡ್ ಸ್ವಲ್ಪ ಜಾಸ್ತಿ," ಅಂದರು. ಫೋನನ್ನು ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಇಬ್ಬರ ತಲೆಯ ಮೇಲೂ ಒಂದೊಂದು ಸಲ ಕೈ ಇಟ್ಟು ಹೋದರು.

ಸೌಂಡ್ ಆಂಟಿ ಮಷಿನ್ ಎತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡರು. "ಏಟು ಚೆನ್ನಾಗಿ ಹಾಕ್ದೆ," ಅಂದರು ಕಡ್ಡಿಗೆ. ಅವರಿಗೆ ಹೊಗಳುವ ಅಭ್ಯಾಸ ಇದ್ದ ಹಾಗೆ ಕಾಣಲಿಲ್ಲ. ಆದ್ದರಿಂದ ಕಡ್ಡಿ ಅದನ್ನೇ ಹೊಗಳಿಕೆ ಅಂದುಕೊಂಡಳು.

ಇಬ್ಬರೂ ನೆಲದ ಮೇಲೆ ಕೂತು ವೈರ್ ಸುತ್ತತೊಡಗಿದರು. ಪರದೆಯ ಆಚೆ ಏಳನೇ ಭಾಷಣ ಶುರುವಾಗಿತ್ತು. ಹೊರಗಡೆ ವ್ಯಾನಿನ ಬಾಗಿಲು ಧಡ್ ಅಂತ ಮುಚ್ಚಿದ್ದು ಕೇಳಿಸಿತು.

ಸ್ಪೀಕರ್ ಬಹಳ ಹೊತ್ತು ಒಂದೇ ವೈರ್ ಸುತ್ತಿದ. ಸುತ್ತಿ ಮುಗಿದದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

"ಆ ಹೆಜ್ಜೆ ಜಾಸ್ತಿ ಆಗಿದ್ದು ನನ್ನಿಂದ," ಅಂದ. "ನಾನು ಬೇಗ 'ಈಗ' ಅಂದೆ."

"ಹೂಂ," ಅಂದಳು ಕಡ್ಡಿ. ಅದು ಹೌದಾಗಿತ್ತು. ಆಮೇಲೆ ಯೋಚಿಸಿ, "ಕೆಳಕ್ಕೆ ಎಳೆದಿದ್ದು ನಾನು," ಅಂದಳು. ಅದೂ ಹೌದಾಗಿತ್ತು.

"ಅಡಾಪ್ಟರ್ ಮರೆತದ್ದೂ ನಾನೇ."

"ಅದಂತೂ ನೀನೇ."

ಸ್ಪೀಕರ್ ನಕ್ಕ. ಭಾಷಣ ಮಾಡುತ್ತಿದ್ದವರು ಒಂದು ಕ್ಷಣ ನಿಲ್ಲಿಸಿ, ಮತ್ತೆ ಮುಂದುವರಿಸಿದರು.

"ಅಪ್ಪ ಬಂದ ತಕ್ಷಣ ಕೇಳ್ತಾರೆ," ಅಂದ ಅವನು. "ಯಾವುದರಲ್ಲಿ ಹಾಕಿದ್ರಿ ಅಂತ. ಅದು ಯಾವ ಕಂಪನಿದು?"

ಹೇಳಲು ಕಡ್ಡಿ ಬಾಯಿ ತೆರೆದಳು. ಮಷಿನ್ ಕಣ್ಣ ಮುಂದೆ ಕಟ್ಟಿದ ಹಾಗಿತ್ತು. ಒಡೆದ ಮೂಲೆ ಇತ್ತು, ಟೇಪ್ ಸುತ್ತಿದ ಗುಂಡಿ ಇತ್ತು, ಅರ್ಧದಲ್ಲಿ ಕಚ್ಚಿಕೊಳ್ಳುವ ಪಟ್ಟಿ ಇತ್ತು. ಎಲ್ಲಿ ಎಷ್ಟು ಮೆಲ್ಲಗೆ ಒತ್ತಬೇಕು ಅನ್ನುವುದು ಕೂಡ ಗೊತ್ತಿತ್ತು. ಹೆಸರು ಮಾತ್ರ ಎಲ್ಲೂ ಕಾಣಲಿಲ್ಲ. ಅದರ ಮೇಲೆ ಹೆಸರು ಇದ್ದೇ ಇರುತ್ತದೆ. ದೊಡ್ಡದಾಗಿಯೇ ಬರೆದಿರುತ್ತಾರೆ.

"ನಾನು ನೋಡ್ಲೇ ಇಲ್ಲ," ಅಂದಳು. "ನೀನು?"

ಸ್ಪೀಕರ್ ಕೈಯಲ್ಲಿದ್ದ ವೈರನ್ನು ನೋಡಿದ. ಮಷಿನ್ ಇಟ್ಟಿದ್ದ ಖಾಲಿ ಮೇಜನ್ನು ನೋಡಿದ.

"ಇಲ್ಲ," ಅಂದ.

ಆಮೇಲೆ ಕಡ್ಡಿ ಇನ್ನೊಂದು ವೈರ್ ಎತ್ತಿಕೊಂಡು ಅದರ ತುದಿಯನ್ನು ಅವನಿಗೆ ಕೊಟ್ಟಳು.